ಯಾವ ಭಾರವನ್ನು ಇಳಿಸಬೇಕು?



ನಾವು ತಪಸ್ಸುಕಾಲಕ್ಕೆ ಅಣಿಯಾಗುವ ಫೆಬ್ರವರಿಯ ದಿನಗಳಲ್ಲಿ, ಜಪಾನಿನ ಇಬರಾಕಿ ಪ್ರಾಂತ್ಯದ ತ್ಸುಕುಬಾ ಎಂಬ ಪುಟ್ಟ ರೇಸ್ ಪಥದಲ್ಲಿ, ಕೊರೆಯುವ ಚಳಿಯ ಮುಂಜಾನೆಯಲ್ಲೇ ಕಾರುಗಳು ಸಾಲಾಗಿ ಬಂದು ನಿಲ್ಲುತ್ತವೆ. ಚಳಿ ಹೆಚ್ಚಿದಷ್ಟೂ ಅಲ್ಲಿಗೆ ಬಂದವರಿಗೆ ಸಂತೋಷ. ತಣ್ಣನೆಯ ಗಾಳಿ ಸಾಂದ್ರವಾಗಿರುತ್ತದೆ, ಅದರಲ್ಲಿ ಆಮ್ಲಜನಕ ಹೆಚ್ಚು, ಆದುದರಿಂದ ಎಂಜಿನ್ನಿನ ಶಕ್ತಿಯೂ ಹೆಚ್ಚು. 1970ರಲ್ಲಿ ಆರಂಭವಾದ ಈ ಪಥದ ಒಂದು ಸುತ್ತು 2,045 ಮೀಟರ್. ಅದನ್ನು ಒಂದು ನಿಮಿಷದೊಳಗೆ ಸುತ್ತಿ ಬರುವುದು ಅಲ್ಲಿನ ಹವ್ಯಾಸಿ ಚಾಲಕರ ಬಹುಕಾಲದ ಕನಸು. ಈ ಆಟಕ್ಕೆ ‘ಟೈಮ್ ಅಟ್ಯಾಕ್’ ಎಂದು ಹೆಸರು.

ಹವ್ಯಾಸಿಗಳು ಎಂದೆ. ಇವರಲ್ಲಿ ಹೆಚ್ಚಿನವರು ವಾರವಿಡೀ ಬೇರೆ ಕೆಲಸ ಮಾಡಿ ದುಡಿದು ತಿನ್ನುವವರು. ಅವರ ಕಾರುಗಳೂ ಹುಟ್ಟಿನಿಂದ ರೇಸ್ ಕಾರುಗಳಲ್ಲ. ನಿಸ್ಸಾನ್ ಸಿಲ್ವಿಯಾ, ಮಿತ್ಸುಬಿಶಿ ಲ್ಯಾನ್ಸರ್, ಮಜ್ದಾ ಆರ್‌ಎಕ್ಸ್-7, ಹೋಂಡಾ ಸಿವಿಕ್ ಮುಂತಾದ, ಅಂಗಡಿಯಲ್ಲಿ ಕೊಂಡು ಬೀದಿಯಲ್ಲಿ ಓಡಿಸುವ ಕಾರುಗಳೇ. ಅವುಗಳನ್ನು ವರ್ಷಗಟ್ಟಲೆ ಬಿಚ್ಚಿ, ಕಟ್ಟಿ, ತಿದ್ದಿ ಇಲ್ಲಿಗೆ ತರುತ್ತಾರೆ.

ಈ ಓಟದಲ್ಲಿ ಎದುರಾಳಿಯೇ ಇಲ್ಲ. ಪಥದಲ್ಲಿ ಬೇರೆ ಕಾರುಗಳಿದ್ದರೂ ಯಾರೂ ಯಾರನ್ನೂ ಹಿಂದಿಕ್ಕಿ ಗೆಲ್ಲಬೇಕಾಗಿಲ್ಲ. ಮೊದಲು ಟೈರುಗಳನ್ನು ಬಿಸಿಮಾಡಲು ಒಂದು ಸುತ್ತು, ಬಳಿಕ ಸರ್ವಶಕ್ತಿಯನ್ನೂ ಸುರಿದು ಒಂದು ಸುತ್ತು, ಆಮೇಲೆ ಎಂಜಿನ್ನೂ ಬ್ರೇಕೂ ತಣಿಯಲೆಂದು ನಿಧಾನವಾಗಿ ಇನ್ನೊಂದು ಸುತ್ತು. ನಡುವಣ ಆ ಒಂದು ಸುತ್ತಿನ ಲೆಕ್ಕವನ್ನು ಗಡಿಯಾರ ಬರೆದಿಡುತ್ತದೆ. 2007ರಲ್ಲಿ ಎಚ್‌ಕೆಎಸ್ ಎಂಬ ಸಂಸ್ಥೆ ಲ್ಯಾನ್ಸರಿನಿಂದ ರೂಪಿಸಿದ ಕಾರಿನಲ್ಲಿ ನೊಬುತೆರು ತಾನಿಗುಚಿ ಎಂಬ ವೃತ್ತಿಪರ ಚಾಲಕರು 53.589 ಸೆಕೆಂಡಿನಲ್ಲಿ ಸುತ್ತು ಮುಗಿಸಿದರು. ಆ ದಾಖಲೆಯೂ ಮುಂದೆ ಮುರಿಯಿತು. ಆದರೆ ಸಂಬಳದಲ್ಲಿ ಉಳಿಸಿದ ಹಣದಿಂದ ಟೈರು ಕೊಳ್ಳುವ ಹವ್ಯಾಸಿಗೆ 53 ಸೆಕೆಂಡಿನ ಚಿಂತೆಯಿಲ್ಲ. ಕಳೆದ ಚಳಿಗಾಲದಲ್ಲಿ ತಾನು 64 ಸೆಕೆಂಡಿನಲ್ಲಿ ಬಂದಿದ್ದರೆ ಈ ಸಲ 63ಕ್ಕೆ ಇಳಿಯಬೇಕು, ಅಷ್ಟೇ.

ಇದನ್ನು ಓದಿದಾಗ ನನಗೆ ನೆನಪಾದದ್ದು ಸಂತ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯ. ಪುನರುತ್ಥಾನಗೊಂಡ ಪ್ರಭು ಪೇತ್ರನಿಗೆ ಅವನ ಮುಂದಿನ ದಾರಿಯನ್ನು ತಿಳಿಸುತ್ತಾರೆ. ಪೇತ್ರ ಹಿಂದಿರುಗಿ ಇನ್ನೊಬ್ಬ ಶಿಷ್ಯನನ್ನು ನೋಡಿ, ಹಾಗಾದರೆ ಇವನ ಗತಿಯೇನು ಎಂದು ಕೇಳುತ್ತಾನೆ. ಅದು ನಿನಗೆ ಸಂಬಂಧಿಸಿದ್ದಲ್ಲ, ನೀನು ನನ್ನ ಹಿಂದೆ ಬಾ ಎಂಬ ಅರ್ಥದ ಉತ್ತರ ಅವನಿಗೆ ಸಿಗುತ್ತದೆ. ಪಕ್ಕದ ಮನೆಯ ಮಗನ ಅಂಕಗಳು, ತಮ್ಮನ ಹೊಸ ಮನೆ, ಪೂಜೆಗೆ ಮುಂದಿನ ಸಾಲಿನಲ್ಲಿ ಕೂರುವವಳ ಸೀರೆ — ನಮ್ಮ ಎಷ್ಟು ಓಟಗಳು ಪೇತ್ರನ ಆ ಪ್ರಶ್ನೆಯಿಂದ ಶುರುವಾಗುತ್ತವೆ!

ಸುತ್ತು ಮುಗಿಸಿ ಬಂದ ಚಾಲಕ ಸುಮ್ಮನೆ ಕೂರುವುದಿಲ್ಲ. ಅನೇಕರ ಕಾರುಗಳಲ್ಲಿ ವೇಗವನ್ನೂ ಸ್ಥಳವನ್ನೂ ದಾಖಲಿಸುವ ಒಂದು ಪುಟ್ಟ ಯಂತ್ರವಿರುತ್ತದೆ. ‘ಇವತ್ತು ಚೆನ್ನಾಗಿ ಓಡಿಸಲಿಲ್ಲ’ ಎಂದು ಅದು ಹೇಳುವುದಿಲ್ಲ. ಎರಡನೆಯ ತಿರುವಿಗೆ ಐದು ಮೀಟರ್ ಮೊದಲೇ ಬ್ರೇಕ್ ಒತ್ತಿದ್ದೀಯೆ, ಕೊನೆಯ ತಿರುವಿನಲ್ಲಿ ಅಂಜಿ ಕಾಲು ಎತ್ತಿದ್ದೀಯೆ ಎಂದು ಜಾಗ ಸಮೇತ ತೋರಿಸುತ್ತದೆ. ಲೊಯೊಲಾದ ಸಂತ ಇಗ್ನೇಷಿಯಸರು ದಿನದಿನವೂ ಮಾಡಬೇಕೆಂದು ಕಲಿಸಿದ ಆತ್ಮಶೋಧನೆಯೂ ಇಂಥದ್ದೇ. ಪಾಪನಿವೇದನೆಗೆ ಬಂದು, ‘ಸ್ವಾಮಿ, ಎಲ್ಲ ಪಾಪವನ್ನೂ ಮಾಡಿದ್ದೇನೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಎಲ್ಲವನ್ನೂ ಮಾಡಿದ್ದೇನೆ ಎಂದವನು ಯಾವುದನ್ನೂ ಹೇಳಿದಂತಾಗಲಿಲ್ಲ. ಯಾವ ತಿರುವಿನಲ್ಲಿ, ಯಾರ ಮೇಲೆ, ಯಾವ ಮಾತು?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಗುರವಾದ ಕಾರು ಬೇಗ ಓಡುತ್ತದೆ, ಬೇಗ ನಿಲ್ಲುತ್ತದೆ, ಬೇಗ ತಿರುಗುತ್ತದೆ. ಆದುದರಿಂದ ಈ ಹವ್ಯಾಸಿಗಳು ಮೊದಲು ಮಾಡುವ ಕೆಲಸ ಭಾರ ಇಳಿಸುವುದು. ನೆಲಹಾಸು ಹೋಗುತ್ತದೆ, ರೇಡಿಯೋ ಹೋಗುತ್ತದೆ, ಏರ್‌ಕಂಡಿಷನರ್ ಹೋಗುತ್ತದೆ, ಸದ್ದು ತಡೆಯಲು ಅಂಟಿಸಿದ ಪದರವನ್ನೂ ಕೆರೆದು ತೆಗೆಯುತ್ತಾರೆ. ಹಿಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯ ಬಲ್ಲವರಿಗೆ ಇದು ಪರಿಚಿತ ಚಿತ್ರ. ನಮ್ಮನ್ನು ತೊಡರಿಸುವ ಭಾರವನ್ನೂ ಪಾಪವನ್ನೂ ಕಳಚಿಟ್ಟು, ಕ್ರಿಸ್ತರ ಮೇಲೆ ದೃಷ್ಟಿಯಿಟ್ಟು ಓಡಬೇಕೆಂದು ಅಲ್ಲಿ ಹೇಳಿದೆ. ತಪಸ್ಸುಕಾಲದ ಉಪವಾಸ, ದಾನ, ಪ್ರಾರ್ಥನೆಗಳ ಗುರಿಯೂ ಅದೇ.

ಆದರೆ ಕಾರಿನಿಂದ ಮೊದಮೊದಲೇ ಹೊರಬರುವ ವಸ್ತುಗಳಲ್ಲಿ ಇನ್ನೊಂದಿದೆ: ಹಿಂದಿನ ಆಸನ. ಅದು ಮಕ್ಕಳು ಕೂರುವ ಜಾಗ. ಜಪಾನಿನ ಕಾನೂನಿನಂತೆ ಅದನ್ನು ತೆಗೆದು ಬೀದಿಯಲ್ಲಿ ಓಡಿಸುವುದಾದರೆ, ಈ ಗಾಡಿ ಇನ್ನು ಇಬ್ಬರಿಗೆ ಮಾತ್ರ ಎಂದು ದಾಖಲೆಯನ್ನೂ ತಿದ್ದಿಸಬೇಕು. ಕಾರಿಗೆ ಅದು ಸರಿ, ಅದರಲ್ಲಿ ಪಾಪವೇನೂ ಇಲ್ಲ. ಆದರೆ ಬದುಕಿನಲ್ಲಿ ವೇಗ ಬೇಕೆಂದು ಇದೇ ಕೆಲಸ ಮಾಡುವವರಿದ್ದಾರಲ್ಲ! ಬಡ್ತಿಗಾಗಿ, ವ್ಯಾಪಾರಕ್ಕಾಗಿ ಮನೆಯವರ ಊಟದ ಹೊತ್ತನ್ನು ಕಿತ್ತು ಹಾಕುತ್ತಾರೆ. ಮಗಳ ಮಾತಿಗೆ ಕಿವಿಗೊಡುವ ಹತ್ತು ನಿಮಿಷವನ್ನು ಕಿತ್ತು ಹಾಕುತ್ತಾರೆ. ವೃದ್ಧ ತಾಯಿಯ ಪಕ್ಕ ಕೂರುವ ಸಂಜೆ ಅವರಿಗೆ ಹೆಚ್ಚಿನ ತೂಕವಾಗಿ ಕಾಣುತ್ತದೆ. ಹೊಟ್ಟೆಪಾಡಿಗಾಗಿ ಕೊಲ್ಲಿ ದೇಶಗಳಿಗೆ ಹೋದವರ ಮಾತು ಬೇರೆ, ಅವರ ಮನಸ್ಸು ಮನೆಯಲ್ಲೇ ಇರುತ್ತದೆ. ನಾನು ಹೇಳುತ್ತಿರುವುದು ಮನೆಯಲ್ಲಿದ್ದೂ ಇಲ್ಲದವರನ್ನು ಕುರಿತು. ಧರ್ಮಕೇಂದ್ರದ ಎಲ್ಲ ಸಮಿತಿಗಳಲ್ಲೂ ಓಡಾಡಿ, ಮನೆಯ ಜಪಸರಕ್ಕೆ ಮಾತ್ರ ಸಿಗದವರನ್ನೂ ಇದರಲ್ಲಿ ಸೇರಿಸುತ್ತೇನೆ. ನಮ್ಮ ವಿವಾಹದ ದಾಖಲೆ ಪುಸ್ತಕದಲ್ಲಿ, ಈ ಗಾಡಿ ಇನ್ನು ಒಬ್ಬನಿಗೆ ಮಾತ್ರ ಎಂದು ತಿದ್ದಲು ಜಾಗವಿಲ್ಲ.

ಹಾಗಾದರೆ ಯಾವುದು ಹೊರೆ, ಯಾವುದು ಅಲ್ಲ ಎಂದು ತಿಳಿಯುವುದು ಹೇಗೆ? ಈ ಓಟಗಾರರೇ ಇನ್ನೊಂದು ಸಂಗತಿಯನ್ನು ತೋರಿಸುತ್ತಾರೆ. ಅರ್ಧ ಕಿಲೋ ಉಳಿಸಲು ನೆಲಹಾಸನ್ನು ಕಿತ್ತೆಸೆದ ಅದೇ ಮನುಷ್ಯ, ಉಕ್ಕಿನ ಕೊಳವೆಗಳ ಪಂಜರವೊಂದನ್ನು ತಂದು ಕಾರಿನೊಳಗೆ ಕೂರಿಸುತ್ತಾನೆ. ಅದಕ್ಕೆ ರೋಲ್ ಕೇಜ್ ಎನ್ನುತ್ತಾರೆ. ಅದರ ತೂಕ ಹತ್ತಾರು ಕಿಲೋ. ಹೆಗಲನ್ನೂ ಸೊಂಟವನ್ನೂ ಬಿಗಿಯುವ ದಪ್ಪ ಪಟ್ಟಿಗಳನ್ನು ಹಾಕಿಸುತ್ತಾನೆ, ಹೆಚ್ಚು ಬಲದ ಬ್ರೇಕ್ ಹಾಕಿಸುತ್ತಾನೆ. ಪಂಜರ ಕಾರಿನ ಮೈಯನ್ನು ಗಟ್ಟಿಗೊಳಿಸುವುದರಿಂದ ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತದೆ. ಕಾರು ಮಗುಚಿದರೆ ಜೀವ ಉಳಿಸುವುದೂ ಅದೇ. ದೇವರ ಆಜ್ಞೆಗಳು, ಭಾನುವಾರದ ಬಲಿಪೂಜೆ, ವಿವಾಹದ ವಾಗ್ದಾನ ಇವೆಲ್ಲ ತೂಕದವೇ, ಯಾರು ಅಲ್ಲಗಳೆಯುತ್ತಾರೆ? ಅವು ನೆಲಹಾಸಿನ ತೂಕವಲ್ಲ, ಪಂಜರದ ತೂಕ. ಹೆಂಡತಿ ಮಕ್ಕಳ ಜವಾಬ್ದಾರಿಯೂ ಅಷ್ಟೇ. ಆಸನ ಕಿತ್ತಂತೆ ಇದನ್ನು ಕಿತ್ತವನಿಗೆ ಮೊದಲ ಕೆಲವು ಸುತ್ತು ಹಗುರವೆನಿಸುತ್ತದೆ.

ಹದಿಹರೆಯದ ಮಕ್ಕಳಿರುವ ತಂದೆತಾಯಿಗಳಿಗೆ ಒಂದು ಮಾತು. ಜಪಾನಿನಲ್ಲೂ ರಾತ್ರಿಯ ಹೊತ್ತು ಬೆಟ್ಟದ ತಿರುವು ರಸ್ತೆಗಳಲ್ಲಿ ಕಾರು ಓಡಿಸಿ ಪೈಪೋಟಿ ನಡೆಸುವ ಯುವಕರಿದ್ದರು. ಎದುರಿನಿಂದ ಯಾರಾದರೂ ಬಂದರೆ? ರೇಸ್ ಪಥದಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಬಾವುಟ ಹಿಡಿದ ಕಾವಲುಗಾರರಿರುತ್ತಾರೆ, ಹೆಲ್ಮೆಟ್ ಕಡ್ಡಾಯ. ವೇಗದ ಮೋಹದಿಂದ ರಸ್ತೆಯಲ್ಲಿ ತನ್ನ ಮತ್ತು ಪರರ ಜೀವವನ್ನು ಅಪಾಯಕ್ಕೆ ಒಡ್ಡುವವನು ಗಂಭೀರ ಅಪರಾಧ ಮಾಡುತ್ತಾನೆಂದು, 1992ರಲ್ಲಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಹೊರತಂದ ಕಥೋಲಿಕ ಧರ್ಮೋಪದೇಶ ಗ್ರಂಥದ 2290ನೆಯ ಪರಿಚ್ಛೇದ, ಐದನೆಯ ಆಜ್ಞೆಯ ಕೆಳಗೆ, ಕುಡಿದು ಓಡಿಸುವುದರ ಜೊತೆಯಲ್ಲೇ ಕಲಿಸುತ್ತದೆ. ಇದನ್ನು ಎಷ್ಟು ಮಂದಿ ಪಾಪನಿವೇದನೆಯಲ್ಲಿ ಹೇಳುತ್ತಾರೆ? ಬೈಕ್ ಕೊಡಿಸುವ ದಿನವೇ ಮಗನಿಗೆ ಆ ಸಾಲನ್ನು ಓದಿ ಹೇಳಿ. ಬೈಯುತ್ತಾ ಹೇಳಬೇಡಿ, ಯಂತ್ರದ ಮೇಲೆ ಅವನಿಗಿರುವ ಪ್ರೀತಿ ಕೆಟ್ಟದ್ದಲ್ಲ.

ಸಂಜೆ ತ್ಸುಕುಬಾದಿಂದ ಹೊರಬರುವ ಕಾರುಗಳಲ್ಲಿ ಕೆಲವು ಅದೇ ಬೀದಿಯಲ್ಲಿ ಮನೆಗೆ ಹೋಗುತ್ತವೆ. ನಿಮಿಷದಲ್ಲಿ ಎರಡು ಕಿಲೋಮೀಟರ್ ಓಡಿದ ಗಾಡಿ, ಕೆಂಪು ದೀಪ ಕಂಡೊಡನೆ ಹಾಲಿನ ವ್ಯಾನಿನ ಹಿಂದೆ ತಾಳ್ಮೆಯಿಂದ ನಿಲ್ಲಬೇಕು.

ಈ ತಪಸ್ಸುಕಾಲದ ಯಾವುದಾದರೊಂದು ಶುಕ್ರವಾರ, ಶಿಲುಬೆಯ ಹಾದಿ ಮುಗಿಸಿ ಮನೆಗೆ ಬಂದ ಮೇಲೆ, ಕುಟುಂಬದ ಯಜಮಾನರು ಒಂದು ಕೆಲಸ ಮಾಡಬಹುದು. ‘ನಾನು ನಿಮ್ಮಿಂದ ಏನನ್ನು ಕಿತ್ತು ಹಾಕಿದ್ದೇನೆ?’ ಎಂದು ಮನೆಯವರನ್ನು ಕೇಳಿ. ಮೊದಲು ಮಕ್ಕಳ ತಾಯಿ ಹೇಳಲಿ, ಆಮೇಲೆ ಎಲ್ಲರಿಗಿಂತ ಚಿಕ್ಕವರು. ಅವರು ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ.