ರಜೆ ಹಾಕಿ ಮಲಗುವುದು ಸೋಮಾರಿತನವೇ?

ಕೆಲವು ತಿಂಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿದ ಮೇಲೆ, ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಗುರುಮನೆಯ ಜಗಲಿಗೆ ಬಂದರು. ಮದ್ದೂರಿನ ಕಡೆ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಸಕ್ಕರೆ ಕಾಯಿಲೆ, ಮಂಡಿನೋವು, ರಾತ್ರಿ ಉಸಿರು ಕಟ್ಟುವ ತೊಂದರೆ ಎಲ್ಲವೂ ಸೇರಿ, ವೈದ್ಯರ ಸಲಹೆಯಂತೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹನ್ನೆರಡು ದಿನವಾಗಿತ್ತು.

"ಫಾದರ್, ನಾಳೆಯಿಂದ ಕೆಲಸಕ್ಕೆ ಹೋಗ್ತೀನಿ" ಎಂದರು. ವೈದ್ಯರು ನಾಲ್ಕು ವಾರ ಹೇಳಿದ್ದಾರಲ್ಲವೇ ಎಂದು ಕೇಳಿದೆ. "ತಿಂದು ತಿಂದು ದಪ್ಪ ಆದೋಳು, ಈಗ ಮಲಗಿಕೊಂಡು ದುಡ್ಡು ಎಣಿಸ್ತಾಳೆ ಅಂತಾರೆ. ಅದಕ್ಕೇ ಕಾರ್ಖಾನೆಯಲ್ಲಿ ಹರ್ನಿಯಾ ಆಪರೇಷನ್ ಅಂತ ಸುಳ್ಳು ಹೇಳಿಬಿಟ್ಟೆ. ಮಲಗಿದರೂ ಪಾಪ, ಹೇಳಿದ್ದೂ ಪಾಪ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅವರ ಅಪ್ಪಣೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಸೇರುವ ಮುನ್ನ ಅವರು ಪ್ರಾರ್ಥನೆ ಕೇಳಲು ಬಂದಾಗ, "ಒಂದು ತಪಸ್ಸುಕಾಲ ಸರಿಯಾಗಿ ಉಪವಾಸ ಮಾಡಿದ್ದರೆ ಸಾಕಿತ್ತಲ್ಲಮ್ಮ" ಎಂದು ನಕ್ಕವನು ನಾನೇ. ಅವರ ಕಣ್ಣೀರಿನಲ್ಲಿ ನನ್ನ ಪಾಲೂ ಇತ್ತು.

ದಪ್ಪಗಿರುವುದೆಲ್ಲ ಹೊಟ್ಟೆಬಾಕತನದ ಫಲವೆಂದು ನಾವು ಸುಲಭವಾಗಿ ತೀರ್ಪು ಕೊಡುತ್ತೇವೆ. ವಂಶ, ಗ್ರಂಥಿಗಳ ಏರುಪೇರು, ಕೆಲವು ಔಷಧಿಗಳು, ನಿದ್ದೆಗೇಡು, ಇವೆಲ್ಲವೂ ತೂಕ ಏರಿಸುತ್ತವೆ. ಪಥ್ಯದಿಂದ ತೂಕ ಇಳಿದಾಗ ದೇಹವೇ ಹಸಿವನ್ನು ಹೆಚ್ಚಿಸಿ ಹಿಂದಕ್ಕೆ ಎಳೆಯುತ್ತದೆ. ಪಾಪಕ್ಕೆ ಅರಿವೂ ಮನಃಪೂರ್ವಕ ಒಪ್ಪಿಗೆಯೂ ಬೇಕೆಂಬುದು ಧರ್ಮಸಭೆಯ ಬೋಧನೆ. ಅದನ್ನು ತಕ್ಕಡಿಯಲ್ಲಿ ತೂಗಲಾಗದು. ಅವರದೇ ತಪ್ಪು ಒಂದಿಷ್ಟು ಇದ್ದರೂ ಏನು? ಬೀಡಿ ಸೇದಿ ಹೃದಯ ಕೆಟ್ಟವನು ಆಪರೇಷನ್ ಮಾಡಿಸಿಕೊಂಡರೆ ನಾವು ಎಳನೀರು ಹಿಡಿದು ನೋಡಲು ಹೋಗುತ್ತೇವೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡ ಸಮಾರಿಯದವನು, "ಈ ದಾರಿಯಲ್ಲಿ ಒಬ್ಬನೇ ಏಕೆ ಬಂದೆ?" ಎಂದು ವಿಚಾರಣೆ ಮಾಡಲಿಲ್ಲ.

ದೇವರು ಕೊಟ್ಟ ಹೊಟ್ಟೆಯನ್ನು ಕತ್ತರಿಸಬಹುದೇ ಎಂದೂ ಕೆಲವರು ಕೇಳುತ್ತಾರೆ. ಇಡೀ ದೇಹದ ಒಳಿತಿಗಾಗಿ ಅಗತ್ಯವಾದಾಗ ಒಂದು ಅಂಗದ ಭಾಗವನ್ನು ಬಿಟ್ಟುಕೊಡಬಹುದೆಂಬ ತತ್ವವನ್ನು ಪೋಪ್ ಹನ್ನೆರಡನೇ ಪಿಯುಸ್ 1952ರಲ್ಲಿ ವೈದ್ಯರ ಮುಂದೆ ವಿವರಿಸಿದ್ದರು. ಅದು ಇಲ್ಲಿಗೂ ಅನ್ವಯಿಸುತ್ತದೆ.

ಇನ್ನು ವಿಶ್ರಾಂತಿಯ ಮಾತು. ಈ ಶಸ್ತ್ರಚಿಕಿತ್ಸೆಯಲ್ಲಿ ಹೊರಗೆ ಕಾಣುವುದು ನಾಲ್ಕಾರು ಸಣ್ಣ ಗಾಯಗಳು ಮಾತ್ರ. ಆದರೆ ಸಾಮಾನ್ಯ ವಿಧಾನವೊಂದರಲ್ಲಿ ಒಳಗೆ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಉಳಿದದ್ದನ್ನು ಉದ್ದಕ್ಕೆ ಹೊಲಿದಿರುತ್ತಾರೆ. ಮೊದಲು ನೀರಾಹಾರ, ಆಮೇಲೆ ನುಣ್ಣಗೆ ಅರೆದದ್ದು, ಮತ್ತೆ ಮೆತ್ತಗಿನದು, ಹೀಗೆ ವಾರಗಟ್ಟಲೆ ಹೆಜ್ಜೆ ಹೆಜ್ಜೆಯಾಗಿ ಊಟಕ್ಕೆ ಮರಳಬೇಕು. ಕುಳಿತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಭಾರ ಎತ್ತುವ ಕೆಲಸಕ್ಕೆ ಇನ್ನೂ ಹೆಚ್ಚು ಬಿಡುವು ಬೇಕು. ನಮ್ಮ ಮಂಡ್ಯ, ಮಳವಳ್ಳಿಯ ಹಳ್ಳಿಗಳಲ್ಲಿ ಬಾಣಂತಿಯನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಒಳಗಿನ ಗಾಯ ಮಾಯಬೇಕೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಇಲ್ಲಿಯೂ ಅಷ್ಟೇ: ಮಲಗುವುದು ಔಷಧಿಯ ಒಂದು ಭಾಗ.

ಪ್ರವಾದಿ ಎಲೀಯ ದಣಿದು ಸಾವನ್ನೇ ಬೇಡಿ ಗಿಡದಡಿ ಮಲಗಿದಾಗ, ದೇವದೂತನು ಬೈಯಲಿಲ್ಲ. ರೊಟ್ಟಿ ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲವೂ ಎಬ್ಬಿಸಿ ಉಣಿಸಿದ. ನಲವತ್ತು ದಿನಗಳ ಪ್ರಯಾಣ ಶುರುವಾದದ್ದು ಆಮೇಲೆ. ಪೋಪ್ ಎರಡನೇ ಜಾನ್ ಪಾಲರು 1981ರ ವಿಶ್ವಪತ್ರದಲ್ಲಿ ವಿಶ್ರಾಂತಿಯನ್ನೂ ಆರೋಗ್ಯ ಸೇವೆಯನ್ನೂ ದುಡಿಯುವವರ ಹಕ್ಕುಗಳ ಸಾಲಿನಲ್ಲಿ ಇಟ್ಟಿದ್ದಾರೆ. ಇಎಸ್‌ಐ ಯೋಜನೆಯಲ್ಲಿ ವಂತಿಗೆ ಕಟ್ಟಿದ ಅರ್ಹ ನೌಕರರಿಗೆ, ವೈದ್ಯರ ಪ್ರಮಾಣಪತ್ರದ ಮೇಲೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ಇದು ಧಣಿಯ ಭಿಕ್ಷೆಯಲ್ಲ.

ಹಾಗಾದರೆ ಆ ಸುಳ್ಳು? ಸುಳ್ಳು ಸುಳ್ಳೇ. ಆದರೆ ತಿಳಿಯುವ ಹಕ್ಕಿಲ್ಲದವರಿಗೆ ಎಲ್ಲವನ್ನೂ ಬಿಚ್ಚಿಡಬೇಕಾಗಿಲ್ಲ ಎಂದು ಕಥೋಲಿಕ ಧರ್ಮೋಪದೇಶ (2489) ಹೇಳುತ್ತದೆ. ನೆರೆಹೊರೆಯವರಿಗೆ "ಹೊಟ್ಟೆಯ ಆಪರೇಷನ್ ಆಗಿದೆ" ಎಂದರೆ ಸಾಕು, ಅದು ನಿಜವೇ. ರಜೆಯ ಕಾಗದದಲ್ಲಿ ಮಾತ್ರ ವೈದ್ಯರು ಬರೆದದ್ದೇ ಇರಲಿ. ಹಾಗೆಯೇ, ಪೂರ್ತಿ ಗುಣವಾದ ಮೇಲೂ ನೆಪ ಹೇಳಿ ರಜೆ ಎಳೆಯುವುದು ನಮ್ಮ ಪಾಲಿನ ಕೆಲಸವನ್ನು ಪಕ್ಕದವರ ಹೆಗಲಿಗೆ ಹೊರಿಸಿದಂತೆ. ಸಂತ ಪೌಲರು ಒಂದೇ ದೇಹದ ಅಂಗಗಳ ಬಗ್ಗೆ ಹೇಳಿದ್ದು ಎರಡೂ ಕಡೆಗೆ ಸಲ್ಲುತ್ತದೆ.

ಇಂಥ ರೋಗಿಗಳಿಗೆ ಇನ್ನೊಂದು ಮಾತು. ಗುಟುಕು ಗುಟುಕಾಗಿ ಆಹಾರ ತೆಗೆದುಕೊಳ್ಳಬೇಕಾದ ನೀವು, ಒಂದು ಗಂಟೆಯ ಉಪವಾಸ ಮುರಿಯಿತೆಂದು ಪರಮಪ್ರಸಾದದಿಂದ ದೂರ ಉಳಿಯಬೇಡಿ. 1983ರ ಧರ್ಮಸಭೆಯ ಕಾನೂನು (919) ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ವಿನಾಯಿತಿ ಕೊಟ್ಟಿದೆ.

ಆ ದಿನ ನಾನು ಆ ತಾಯಿಯಲ್ಲಿ ಕ್ಷಮೆ ಕೇಳಿದೆ. ಅವರು ಕಾರ್ಖಾನೆಗೆ ನಿಜವಾದ ಪ್ರಮಾಣಪತ್ರ ಕೊಟ್ಟು, ನಾಲ್ಕು ವಾರ ಮುಗಿಸಿಯೇ ಕೆಲಸಕ್ಕೆ ಹೋದರು. ಆದರೆ ಆಲೆಮನೆಯಲ್ಲಿ, ಕಬ್ಬಿನ ಗದ್ದೆಯಲ್ಲಿ ದಿನಗೂಲಿ ಮಾಡುವವರು ಯಾವುದೇ ಆಪರೇಷನ್ ಆದರೂ ಯಾರಲ್ಲಿ ರಜೆ ಕೇಳಬೇಕು? ಅವರ ಒಲೆ ಆರದಂತೆ ನೋಡಿಕೊಳ್ಳುವುದು ನಮ್ಮ ಕಿರು ಕ್ರೈಸ್ತ ಸಮುದಾಯಗಳ ಹೊಣೆಯಲ್ಲವೇ? ಈ ವಾರ ನಿಮ್ಮ ಬೀದಿಯಲ್ಲಿ ಯಾರಾದರೂ ಆಪರೇಷನ್ ಆಗಿ ಮಲಗಿದ್ದರೆ, ಕಾರಣ ಕೇಳದೆ ಒಂದು ಲೋಟ ತಿಳಿಗಂಜಿ ಹಿಡಿದು ಹೋಗಿಬನ್ನಿ.