ಕಾಣದ ಅಂಗಡಿಯವನ ಕಾಸು



2021ರ ಕೊನೆಯ ದಿನಗಳು. ಬೆಳಗಿನ ಪೂಜೆ ಮುಗಿಸಿ ಗುರುನಿವಾಸಕ್ಕೆ ಬಂದಾಗ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಜಗಲಿಯ ಮೇಲೆ ಕುಳಿತಿದ್ದರು. ಸೆರಗಿನೊಳಗಿಂದ ಒಂದು ಕಾಗದವನ್ನು ತೆಗೆದು ನನ್ನ ಕೈಗಿತ್ತರು.

"ಸ್ವಾಮಿ, ಮಗನ ಹೆಸರಿಗೆ ಪೋಸ್ಟಿನಲ್ಲಿ ಬಂದಿದೆ. ಎಲ್ಲಾ ಇಂಗ್ಲಿಷಿನಲ್ಲಿದೆ. ಏನಾದರೂ ಕೇಸು ಗೀಸು ಮಾಡಿಕೊಂಡಿದ್ದಾನೋ ಏನೋ, ನೀವೇ ನೋಡಿ ಹೇಳಿ."

ಕಾಗದದಲ್ಲಿ ಆರು ಅಂಕಿಗಳ ಒಂದು ಸಂಖ್ಯೆಯ ಹೊರತು ಹೆಚ್ಚೇನೂ ಇರಲಿಲ್ಲ. ಮಗನನ್ನೇ ಕರೆಸಿ ಕೇಳಿದೆವು. 2020ರಲ್ಲಿ ದೇವಾಲಯದ ಬಾಗಿಲು ಮುಚ್ಚಿದ್ದಾಗ ಅವನು ನಮ್ಮ ಗಾನವೃಂದದ ಹಾಡುಗಳು, ಸಂತರ ಕಥೆಗಳು, ಊರ ಹಬ್ಬದ ಚಿತ್ರಗಳನ್ನು ಹಾಕಲು ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆದಿದ್ದ. ಅದರಲ್ಲಿ ಜಾಹೀರಾತು ಹಾಕಲು ಒಂದು ಕಂಪನಿಗೆ ಒಪ್ಪಿಗೆ ಕೊಟ್ಟಿದ್ದ. ಗಳಿಕೆ 10 ಡಾಲರ್ ಮುಟ್ಟಿದ ಮೇಲೆ ವಿಳಾಸ ನಿಜವೋ ಸುಳ್ಳೋ ಎಂದು ತಿಳಿಯಲು ಕಂಪನಿ ಕಳುಹಿಸಿದ ಸಂಖ್ಯೆ ಅದು. ತಾಯಿಯ ಮುಖ ಅರಳಿತು. ಆದರೆ ಅವರು ಎದ್ದು ಹೋಗುವ ಮುಂಚೆ ಕೇಳಿದ ಮಾತು ನನ್ನನ್ನು ಕಾಡುತ್ತಲೇ ಇದೆ. "ಅಂದರೆ ಇದು ದುಡಿಮೆಯಾ ಸ್ವಾಮಿ, ಇಲ್ಲಾ ಲಾಟರಿಯಾ?"

ಈ ಪ್ರಶ್ನೆಯನ್ನು ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಬಾಯಿಬಿಟ್ಟೋ ಬಿಡದೆಯೋ ಕೇಳಲಾಗುತ್ತಿದೆ. ಮಗ ರಾತ್ರಿಯೆಲ್ಲಾ ಫೋನಿನ ಮುಂದೆ ಕೂರುತ್ತಾನೆ, ಮಗಳು ಅಡಿಗೆ ಮಾಡುವುದನ್ನು ವಿಡಿಯೋ ಮಾಡುತ್ತಾಳೆ. ಒಂದು ತಿಂಗಳು ಹಣ ಬರುತ್ತದೆ, ಮೂರು ತಿಂಗಳು ಬರುವುದಿಲ್ಲ. ಹಿರಿಯರಿಗೆ ಇದು ಕೆಲಸವೆಂದು ಒಪ್ಪಲು ಮನಸ್ಸಿಲ್ಲ, ಬೇಡವೆನ್ನಲು ಧೈರ್ಯವಿಲ್ಲ.

ನಾನು ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ಕನಕಪುರದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಮನೆಗಳ ಗೋಡೆಯ ಮೇಲೆ ಸಿಮೆಂಟು, ಗೊಬ್ಬರಗಳ ಜಾಹೀರಾತು ಬರೆದಿರುವುದನ್ನು ಕಂಡಿದ್ದೀರಿ. ಗೋಡೆ ನಿಮ್ಮದು, ಅಕ್ಷರ ಕಂಪನಿಯದು. ಇಲ್ಲಿಯೂ ಅಷ್ಟೇ. ಆದರೆ ಈ ಗೋಡೆಯ ಮುಂದೆ ಎಷ್ಟು ಜನ ನಿಂತರು, ಎಷ್ಟು ಜನ ಮುಟ್ಟಿದರು ಎಂದು ಒಬ್ಬ ಲೆಕ್ಕಿಗ ಹಗಲಿರುಳು ಎಣಿಸುತ್ತಾನೆ. ಗೂಗಲ್ ಕಂಪನಿ 2003ರಲ್ಲಿ ಆಡ್‌ಸೆನ್ಸ್ ಎಂಬ ಹೆಸರಿನಲ್ಲಿ ಇದನ್ನು ಸಾಮಾನ್ಯರ ಪುಟಗಳಿಗೂ ತಂದಿತು. ನೀವು ಪುಟ ತೆರೆಯುವ ಕಣ್ಣುಮಿಟುಕಿನಲ್ಲಿ ಅಲ್ಲೊಂದು ಹರಾಜು ನಡೆದುಹೋಗುತ್ತದೆ. ಹೆಚ್ಚು ಕೂಗಿದವನ ಜಾಹೀರಾತು ಕಾಣಿಸುತ್ತದೆ. ಹಲವು ವರ್ಷಗಳ ಕಾಲ ಜಾಹೀರಾತುದಾರ ಕೊಟ್ಟ 100ರಲ್ಲಿ 68 ಪುಟದವನಿಗೆ ಸಿಗುತ್ತಿತ್ತು. ಯೂಟ್ಯೂಬಿನ ಉದ್ದ ವಿಡಿಯೋಗಳಲ್ಲಿ 55. ಗಳಿಕೆ 100 ಡಾಲರ್ ಆಗುವವರೆಗೆ ಕೈಗೆ ಬಾರದು, ಲೆಕ್ಕದಲ್ಲಷ್ಟೇ ಇರುತ್ತದೆ.

ಇದರ ಏರಿಳಿತ ವಿಚಿತ್ರ. ದೀಪಾವಳಿಯಿಂದ ಕ್ರಿಸ್ಮಸ್‌ವರೆಗೆ ಅಂಗಡಿಯವರು ಧಾರಾಳವಾಗಿ ಖರ್ಚು ಮಾಡುತ್ತಾರೆ. ನಾವು ಗೋದಲಿ ಬಿಚ್ಚುವ ಹೊತ್ತಿಗೆ, ಜನವರಿಯಲ್ಲಿ, ದರ ಕುಸಿದಿರುತ್ತದೆ. ಅಮೆರಿಕದಲ್ಲಿ ನೋಡಿದವನ ಒಂದು ನೋಟಕ್ಕೆ ಸಿಗುವ ಬೆಲೆ ಚನ್ನಪಟ್ಟಣದಲ್ಲಿ ನೋಡಿದವನ ನೋಟಕ್ಕೆ ಸಿಗುವುದಿಲ್ಲ. 2017ರಲ್ಲಿ ದೊಡ್ಡ ದೊಡ್ಡ ಕಂಪನಿಗಳು ತಮ್ಮ ಜಾಹೀರಾತು ಉಗ್ರವಾದಿಗಳ ವಿಡಿಯೋಗಳ ಜೊತೆ ಕಾಣಿಸಿದವೆಂದು ಸಿಟ್ಟಾಗಿ ಯೂಟ್ಯೂಬಿನಿಂದ ಹಿಂದೆ ಸರಿದವು. ಪೆಟ್ಟು ಬಿದ್ದವರಲ್ಲಿ ಯಾವ ತಪ್ಪನ್ನೂ ಮಾಡದ ಸಣ್ಣವರೂ ಇದ್ದರು. 2018ರ ಜನವರಿಯಲ್ಲಿ ನಿಯಮ ಬದಲಾಯಿತು: 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಇಲ್ಲದವನಿಗೆ ಜಾಹೀರಾತಿನ ಪಾಲಿಲ್ಲ ಎಂದಾಯಿತು. 2020ರ ಲಾಕ್‌ಡೌನಿನಲ್ಲಿ ನೋಡುವವರು ಹೆಚ್ಚಾದರು, ಆದರೆ ಅಂಗಡಿಗಳೇ ಮುಚ್ಚಿದ್ದರಿಂದ ಜಾಹೀರಾತು ಕೊಡುವವರು ಕಡಿಮೆಯಾದರು.

ಇದನ್ನೆಲ್ಲಾ ಆ ತಾಯಿಗೆ ಹೇಗೆ ವಿವರಿಸಲಿ ಎಂದು ನಾನು ತಡವರಿಸುತ್ತಿದ್ದಾಗ ಅವರೇ ಹೇಳಿದರು, "ನಮ್ಮ ಗೂಡಿನ ಮಾರ್ಕೆಟ್ಟಿನ ಹಾಗೆ ಅನ್ನಿ." ಅವರದು ರೇಷ್ಮೆ ಬೆಳೆಯುವ ಮನೆ. ನಾಲ್ಕು ಜ್ವರ ದಾಟಿಸುವವರೆಗೆ ರಾತ್ರಿ ಎದ್ದೆದ್ದು ಸೊಪ್ಪು ಹಾಕಬೇಕು. ಹುಳು ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡಬೇಕು. ಗೂಡು ಬಿಡಿಸಿ ರಾಮನಗರಕ್ಕೆ ಒಯ್ದರೆ ಅಲ್ಲಿ ಆ ದಿನದ ಹರಾಜಿನಲ್ಲಿ ಕೂಗಿದ್ದೇ ಬೆಲೆ. ನಿನ್ನೆ ಬಂದವನಿಗೆ ಹೆಚ್ಚು, ಇಂದು ಬಂದವನಿಗೆ ಕಡಿಮೆ. ಆದರೆ ಸೊಪ್ಪು ಹಾಕಿದ ರಾತ್ರಿಗಳು ಇಬ್ಬರವೂ ಒಂದೇ. ಅದನ್ನು ಯಾರೂ ಲಾಟರಿ ಎನ್ನುವುದಿಲ್ಲ. ಬೆಲೆ ನಮ್ಮ ಕೈಯಲ್ಲಿಲ್ಲ ಎಂದ ಮಾತ್ರಕ್ಕೆ ದುಡಿಮೆ ದುಡಿಮೆಯಲ್ಲದೇ ಹೋಗುವುದಿಲ್ಲ. ಗುರುಮಠದಲ್ಲಿ ಒಂಬತ್ತು ವರ್ಷ ಓದಿದ ನನಗೆ ಹೊಳೆಯದ ಮಾತು ಹಿಪ್ಪುನೇರಳೆ ತೋಟದ ತಾಯಿಗೆ ಹೊಳೆಯಿತು.

ಆದರೂ ಹುಡುಗನ ಮುಖದಲ್ಲಿ ನೆಮ್ಮದಿ ಇರಲಿಲ್ಲ. ನಡುರಾತ್ರಿ ಎರಡು ಗಂಟೆಗೆ ಎದ್ದು ಲೆಕ್ಕ ನೋಡುತ್ತೇನೆ ಫಾದರ್ ಎಂದ. ನಾಲ್ಕು ಸೆಂಟು ಹೆಚ್ಚಾಗಿದ್ದರೆ ನಿದ್ದೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನನಗೆ ವಿಮೋಚನಾಕಾಂಡದ 16ನೆಯ ಅಧ್ಯಾಯ ನೆನಪಾಯಿತು. ಮರುಭೂಮಿಯಲ್ಲಿ ಇಸ್ರಯೇಲರಿಗೆ ಮನ್ನ ಸಿಕ್ಕಿದ್ದು ಅಂದಂದಿಗೆ ಬೇಕಾದಷ್ಟು. ನಾಳೆಗಿರಲಿ ಎಂದು ಹೆದರಿ ಕೂಡಿಟ್ಟವರ ಪಾತ್ರೆಯಲ್ಲಿ ಹುಳು ಬಿತ್ತು. ದೇವರು ಅವರಿಗೆ ಉಣ್ಣುವುದನ್ನಷ್ಟೇ ಅಲ್ಲ, ನಾಳೆಯ ಬಗ್ಗೆ ಹೆದರದೆ ಮಲಗುವುದನ್ನೂ ಕಲಿಸುತ್ತಿದ್ದರು. ಪರಲೋಕ ಮಂತ್ರದಲ್ಲಿ ನಾವು ಬೇಡುವುದೂ ಅನುದಿನದ ಆಹಾರವನ್ನೇ, ವರ್ಷದ ದಾಸ್ತಾನನ್ನಲ್ಲ. ಪರದೆಯ ಮೇಲೆ ಕಾಣುವ ಅಂಕಿ ಇನ್ನೂ ನಿನ್ನದಲ್ಲ ಮಗು, ಅದನ್ನು ನಂಬಿ ಸಾಲ ಮಾಡಬೇಡ, ಅದನ್ನು ನೋಡಿ ನಿನ್ನ ಬೆಲೆ ಅಳೆಯಬೇಡ ಎಂದೆ. ಚೆನ್ನಾಗಿಯೇ ಉಪದೇಶ ಮಾಡಿದೆ. ಮುಂದೆ ನಾನೇ ಮಾಡಿದ್ದನ್ನು ಈಗ ಬರೆಯಬೇಕು. ಆ ಹುಡುಗನ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

2022ರ ಆಗಸ್ಟ್ ತಿಂಗಳು. ಮಾತೆ ಮರಿಯಳ ಹಬ್ಬದ ಸಿದ್ಧತೆ ನಡೆದಿತ್ತು. ಹುಡುಗನ ಲೆಕ್ಕದಲ್ಲಿ 78 ಡಾಲರ್ ಸೇರಿತ್ತು. ಎರಡು ವರ್ಷದ ದುಡಿಮೆ ಅದು. 100 ಆದರೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 8,000 ರೂಪಾಯಿ, ಆ ಮೊದಲ ಹಣದಲ್ಲಿ ಗಾನವೃಂದಕ್ಕೆ ತಬಲಾ ಜೊತೆಯೊಂದನ್ನು ಕೊಡಿಸುತ್ತೇನೆಂದು ಹೇಳಿದ್ದ. ನನಗೆ ಆತುರವಾಯಿತು. ಭಾನುವಾರದ ಪೂಜೆಯ ಕೊನೆಯಲ್ಲಿ, ಪ್ರಕಟಣೆಗಳನ್ನು ಓದುವಾಗ, ಯಾರನ್ನೂ ಕೇಳದೆ ಹೇಳಿಬಿಟ್ಟೆ: ಎಲ್ಲರೂ ಮನೆಗೆ ಹೋಗಿ ನಮ್ಮ ಹುಡುಗನ ಪುಟ ತೆರೆಯಿರಿ, ಜಾಹೀರಾತು ಕಂಡರೆ ಎರಡೆರಡು ಸಲ ಒತ್ತಿರಿ, ಖರ್ಚೇನಿಲ್ಲ, ದೇವಾಲಯಕ್ಕೆ ಉಪಕಾರವಾಗುತ್ತದೆ. ಹುಡುಗ ಗಾನವೃಂದದ ಸಾಲಿನಿಂದ ಎದ್ದು ಕೈ ಆಡಿಸಿದ. ಅವನು ಸಂತೋಷಪಡುತ್ತಿದ್ದಾನೆ ಎಂದುಕೊಂಡು ನಾನು ನಕ್ಕೆ.

ನಮ್ಮ ಜನ ಒಳ್ಳೆಯವರು. ಗುರುಗಳು ಹೇಳಿದರೆಂದರೆ ಮಾಡುವವರು. ಜ್ಞಾನೋಪದೇಶದ ಮಕ್ಕಳು ಒತ್ತಿದರು, ವಿನ್ಸೆಂಟ್ ದೆ ಪಾಲ್ ಸಭೆಯವರು ಒತ್ತಿದರು, ಕನ್ನಡಕ ಹಾಕಿಕೊಂಡು ಮೊಮ್ಮಕ್ಕಳ ಕೈಯಿಂದ ಫೋನು ಕಿತ್ತು ಅಜ್ಜಿಯರು ಒತ್ತಿದರು. ಬುಧವಾರ ಬೆಳಿಗ್ಗೆ ಖಾತೆ ಮುಚ್ಚಿತ್ತು. ಅಕ್ರಮವಾಗಿ ಒತ್ತಲಾಗಿದೆ ಎಂದು ಕಾರಣ ಕೊಟ್ಟಿದ್ದರು. 78 ಡಾಲರೂ ಹೋಯಿತು. ಕಂಪನಿಯದು ಅನ್ಯಾಯವಲ್ಲ, ನಿಯಮದಲ್ಲಿ ಅದನ್ನು ಮೊದಲೇ ಬರೆದಿದ್ದರು, ಹುಡುಗ ಓದಿದ್ದ, ನಾನು ಓದಿರಲಿಲ್ಲ.

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲನೆ ಹೇಳಿದ, "ಫಾದರ್, ನಾವು ಒಂದು ಸಲ ಒತ್ತಿದಾಗ ಹಣ ಕಂಪನಿಯ ಜೇಬಿನಿಂದ ಬರುವುದಿಲ್ಲ. ಎಲ್ಲೋ ಪಂಪ್‌ಸೆಟ್ ಮಾರುವ ಒಬ್ಬ ಅಂಗಡಿಯವ ಕೊಡುತ್ತಾನೆ. ಯಾರೋ ರೈತ ಪಂಪು ಕೊಳ್ಳಲು ಬಂದ ಎಂದು ನಂಬಿ ಕೊಡುತ್ತಾನೆ."

ಆ ಮಾತಿನಿಂದ ನನ್ನ ಕಣ್ಣು ತೆರೆಯಿತು. ಒಂದು ಕಾಸೂ ಖರ್ಚಿಲ್ಲ ಎಂದು ನಾನು ಪೀಠದ ಪಕ್ಕದಲ್ಲಿ ನಿಂತು ಹೇಳಿದ್ದೆ. ಖರ್ಚಿತ್ತು. ಕೊಡುವವನು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಲ್ಲಿ ಚೀಲದೊಳಗೆ ದೊಡ್ಡದೊಂದು, ಚಿಕ್ಕದೊಂದು, ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದೆಂಬ ಆಜ್ಞೆಯಿದೆ. ನಾವು ಸಂತೆಯಲ್ಲಿ ತರಕಾರಿ ಮಾರುವವರಿಗೆ ಈ ಮಾತನ್ನು ಹೇಳುತ್ತೇವೆ. ಪರಮಪ್ರಸಾದ ಸ್ವೀಕರಿಸಿದ ಇನ್ನೂರು ಜನರ ಬೆರಳನ್ನು ನಾನು ಹದಿನೈದು ನಿಮಿಷದೊಳಗೆ ಕಳ್ಳಕಲ್ಲು ಮಾಡಿಬಿಟ್ಟಿದ್ದೆ. ಏಳನೆಯ ಕಟ್ಟಳೆ ಮುರಿಯಲು ಗೋಡೆ ಹಾರಬೇಕಿಲ್ಲ, ಬೀಗ ಒಡೆಯಬೇಕಿಲ್ಲ. ಸದುದ್ದೇಶವೊಂದಿದ್ದರೆ ಕೈ ಇನ್ನೂ ಸುಲಭವಾಗಿ ಚಾಚುತ್ತದೆ.

ಮರು ಭಾನುವಾರ ಅದೇ ಸ್ಥಳದಲ್ಲಿ ನಿಂತು ಜನರಿಗೆ ನಡೆದದ್ದನ್ನು ಹೇಳಿದೆ, ಕ್ಷಮೆ ಕೇಳಿದೆ. ಕೆಲವರು ನಕ್ಕರು. ಇಷ್ಟು ಚಿಕ್ಕದಕ್ಕೆ ಇಷ್ಟೇಕೆ ಎಂದರು ಕೆಲವರು. ಒಬ್ಬ ಅಜ್ಜಿ ಮಾತ್ರ ಹೊರಗೆ ಬಂದು, "ನಾನು ಹನ್ನೊಂದು ಸಲ ಒತ್ತಿದೆ ಸ್ವಾಮಿ, ಎಷ್ಟಾಗುತ್ತದೆ?" ಎಂದು ಬಾಳೆಲೆ ಬಣ್ಣದ ಚೀಲದ ದಾರ ಬಿಚ್ಚಿದರು. ಅವರಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.

ಅಂದಿನಿಂದ ಈ ಗಳಿಕೆಯ ಬಗ್ಗೆ ನಮ್ಮ ಯುವಜನರು ಕೇಳಲು ಬಂದಾಗ ನಾನು ಮೊದಲು ಅಂಗಡಿಯವನ ಕಥೆಯನ್ನೇ ಹೇಳುತ್ತೇನೆ. ಹಣ ಕಡಿಮೆಯಾದ ತಿಂಗಳಲ್ಲೇ ಶೋಧನೆ ಬಾಗಿಲು ತಟ್ಟುವುದು. ಆರೋಗ್ಯ ಮಾತೆಯ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಕಣ್ಣೀರು ಬರೆದು 'ಪವಾಡ ನೋಡಿ' ಎಂದು ಹಾಕಿದರೆ ಲಕ್ಷ ಜನ ನೋಡುತ್ತಾರೆ. ನಮ್ಮವರೇ ಹಾಗೆ ಮಾಡಿದ್ದನ್ನು ಕಂಡು ನನಗೆ ನಿಜವಾಗಿಯೂ ಕಣ್ಣೀರು ಬಂದಿದೆ. ಬಾಜಿ ಕಟ್ಟುವ ಆಪ್‌ಗಳನ್ನು ಹೊಗಳಿದರೆ ಒಂದೇ ಸಲಕ್ಕೆ ವರ್ಷದ ಗಳಿಕೆ ಕೊಡುತ್ತೇವೆ ಎನ್ನುವವರಿದ್ದರು. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳ ಜೊತೆಗೆ ಅವುಗಳ ಜಾಹೀರಾತನ್ನೂ ನಿಷೇಧಿಸಿ ಕಾನೂನು ಮಾಡಿತು. ಆದರೆ ಕಾನೂನು ಬರುವ ಮುಂಚೆಯೂ ಅದು ಬಡವನ ಮನೆಯ ಅಕ್ಕಿಯ ಹಣವೇ ಆಗಿತ್ತು. ಜಗದ್ಗುರುಗಳ ಸಾಮಾಜಿಕ ಸಂಪರ್ಕ ಮಂಡಳಿಯು 1997ರಲ್ಲಿಯೇ ಜಾಹೀರಾತಿನ ನೀತಿಯ ಬಗ್ಗೆ ಒಂದು ದಸ್ತಾವೇಜು ಹೊರಡಿಸಿ ಸತ್ಯ, ಮಾನವನ ಘನತೆ, ಸಮಾಜದ ಹೊಣೆ ಎಂಬ ಮೂರನ್ನು ಮುಂದಿಟ್ಟಿತು. ಆಗ ಜಾಹೀರಾತು ದೊಡ್ಡ ಕಂಪನಿಗಳ ಕೆಲಸವಾಗಿತ್ತು. ಈಗ ಅದು ನಮ್ಮ ಮನೆಯ ಹುಡುಗನ ಮಂಚದ ಮೇಲೆ ನಡೆಯುತ್ತದೆ.

ಹಿರಿಯರಿಗೂ ಒಂದು ಮಾತು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೋ ಅಕ್ಯುಟಿಸ್‌ನನ್ನು ತೋರಿಸಿ, ಅವನು ಕಂಪ್ಯೂಟರನ್ನು ದೇವರಿಗಾಗಿ ಬಳಸಿದ, ನೀನು ಕಾಸಿಗಾಗಿ ಬಳಸುತ್ತೀಯಾ ಎಂದು ಮಕ್ಕಳನ್ನು ಚುಚ್ಚುವುದನ್ನು ಕೇಳಿದ್ದೇನೆ. ಹಾಗೆ ಮಾಡಬೇಡಿ. ಆ ಸಂತ ಹದಿನೈದನೆಯ ವಯಸ್ಸಿಗೇ ತೀರಿಕೊಂಡವನು, ಉಳ್ಳವರ ಮನೆಯ ಮಗು. ಅಕ್ಕನ ಮದುವೆಯ ಸಾಲ ಅವನ ತಲೆಯ ಮೇಲಿರಲಿಲ್ಲ. ದುಡಿದು ತಿನ್ನುವುದರಲ್ಲಿ ನಾಚಿಕೆಯಿಲ್ಲ. "ಇವತ್ತು ಎಷ್ಟು ಬಂತು?" ಎಂದು ದಿನಾ ಕೇಳುವ ಬದಲು "ಇವತ್ತು ಏನು ಮಾಡಿದೆ, ನನಗೂ ತೋರಿಸು" ಎಂದು ಒಮ್ಮೆ ಪಕ್ಕದಲ್ಲಿ ಕುಳಿತುಕೊಳ್ಳಿ.

ಆ ಹುಡುಗ ಖಾತೆ ತೆರೆಯಿರೆಂದು ಮನವಿ ಕಳುಹಿಸಿದ, ಒಪ್ಪಲಿಲ್ಲ. ಬೇರೆಯವರ ಹೆಸರಿನಲ್ಲಿ ತೆರೆ ಎಂದು ಗೆಳೆಯರು ಹೇಳಿದರು. ಅದಕ್ಕೆ ಅವನು ಒಪ್ಪಲಿಲ್ಲ. ಈಗ ಮದುವೆಗಳಿಗೆ ಫೋಟೋ ತೆಗೆಯಲು ಹೋಗುತ್ತಾನೆ, ಹುಳು ಮನೆಯಲ್ಲಿ ತಾಯಿಗೆ ನೆರವಾಗುತ್ತಾನೆ. ಹಾಡುಗಳ ಪುಟ ಹಾಗೇ ಇದೆ, ಜಾಹೀರಾತಿಲ್ಲದೆ. ತಬಲಾ ಇನ್ನೂ ಬಂದಿಲ್ಲ.

ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಮಾತು ಕೊಟ್ಟವನು. ನನ್ನಿಂದ ಅಷ್ಟಾಗಲಿಲ್ಲ. 6,200 ರೂಪಾಯಿಯನ್ನು ಒಂದು ಲಕೋಟೆಯಲ್ಲಿಟ್ಟು ಅವರ ಮನೆಗೆ ಹೋದೆ. ಹುಡುಗ ಮುಟ್ಟಲಿಲ್ಲ. ನಾನು ವಾಪಸು ತರಲಿಲ್ಲ. ನಮ್ಮಿಬ್ಬರ ನಡುವೆ ತಾಯಿ ಅದನ್ನು ಎತ್ತಿ ಆರೋಗ್ಯ ಮಾತೆಯ ಸ್ವರೂಪದ ಕೆಳಗೆ ಇಟ್ಟರು. ಹೋದ ವರ್ಷ ಮನೆ ಆಶೀರ್ವದಿಸಲು ಹೋದಾಗಲೂ ಅದು ಅಲ್ಲೇ ಇತ್ತು, ಮೇಣದ ಹನಿ ಬಿದ್ದು ಒಂದು ಮೂಲೆ ಗಟ್ಟಿಯಾಗಿತ್ತು, ಅಂಟಿಸಿದ ಬಾಯಿ ಅಂಟಿಸಿದ ಹಾಗೆಯೇ.