ಸ್ವತ್ವ, ಅಭಿಷ್ವಂಗ ಮತ್ತು ಮನೆಯ ಪಾಲು

ಮನೆಯನ್ನು ಕಟ್ಟುವುದು, ಮಾರುವುದು, ಪಾಲು ಮಾಡಿಕೊಳ್ಳುವುದು ಅಥವಾ ಬಿಟ್ಟು ಹೋಗುವುದು, ಇವುಗಳಲ್ಲಿ ಯಾವುದನ್ನು ತೀರ್ಮಾನಿಸಬೇಕಾಗಿ ಬಂದರೂ ಮನುಷ್ಯನ ಬುದ್ಧಿಯು ಹೊಲವನ್ನೋ ಒಡವೆಯನ್ನೋ ಕುರಿತು ತೀರ್ಮಾನಿಸುವಾಗ ನಡೆಯುವಷ್ಟು ನೇರವಾಗಿ ನಡೆಯುವುದಿಲ್ಲ. ಹಣದ ಅಡಚಣೆ, ಕಾಗದಪತ್ರಗಳ ತೊಡಕು ಮುಂತಾದವು ಹೊರಗಿನವು. ಅವು ಬಗೆಹರಿದ ಮೇಲೂ ಸಹಿ ಹಾಕಲು ಕೈ ಮುಂದಾಗುವುದಿಲ್ಲವೆಂದರೆ ತಡೆಯೊಂದು ಒಳಗೇ ಇದೆಯೆಂದು ತಿಳಿಯಬೇಕು. ಆ ತಡೆಯನ್ನು ಗುರುತಿಸಲು ಭಾರತೀಯ ಚಿಂತನೆಯ ಎರಡು ಪ್ರಶ್ನೆಗಳು ನೆರವಾಗುತ್ತವೆ. ಧರ್ಮಶಾಸ್ತ್ರವು ‘ಇದು ಯಾರದು’ ಎಂದು ಕೇಳುತ್ತದೆ. ವೇದಾಂತವು ‘ನನ್ನದು ಎಂಬ ಈ ಭಾವ ಎಂಥದು’ ಎಂದು ಕೇಳುತ್ತದೆ. ಇವೆರಡನ್ನೂ ಒಂದೇ ಪ್ರಶ್ನೆಯೆಂದು ಬಗೆದಲ್ಲಿಯೇ ಮನೆಯ ವಿಷಯ ಕಗ್ಗಂಟಾಗುತ್ತದೆ.

ಮೊದಲನೆಯ ಪ್ರಶ್ನೆಗೆ ಅತ್ಯಂತ ನಿಷ್ಠುರವಾದ ಉತ್ತರ ದೊರೆತದ್ದು ಕನ್ನಡ ನೆಲದಲ್ಲಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಯಾರಿಗೆಷ್ಟು ಪಾಲು ಎಂಬ ಲೆಕ್ಕಕ್ಕೆ ಇಳಿಯುವ ಮೊದಲೇ ‘ಸ್ವತ್ವ’ವೆಂದರೇನು, ಒಂದು ವಸ್ತು ಒಬ್ಬನದಾಗುವುದು ಶಾಸ್ತ್ರ ಹೇಳಿದ್ದರಿಂದಲೋ ಲೋಕದ ನಡವಳಿಕೆಯಿಂದಲೋ ಎಂದು ವಿಚಾರ ಮಾಡುತ್ತದೆ. ಸ್ವತ್ವವು ಲೌಕಿಕ ಎಂಬುದೇ ವಿಜ್ಞಾನೇಶ್ವರನ ನಿರ್ಣಯ. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ‘ಇದು ಅವನದು’ ಎಂದು ಒಪ್ಪುತ್ತಾರೆ. ಹಾಗಿರುವಾಗ ಒಡೆತನವನ್ನು ಅಲೌಕಿಕವೆಂದು ಭಾವಿಸಲು ಕಾರಣವಿಲ್ಲ ಎಂಬುದು ಅವನ ಯುಕ್ತಿ. ಕನ್ನಡದಲ್ಲಿ ದಿನಬಳಕೆಯ ‘ಸ್ವತ್ತು’ ಎಂಬ ಮಾತಿನಲ್ಲಿಯೂ ಇರುವುದು ಈ ‘ಸ್ವ’ವೇ, ಮತ್ತು ಅದಕ್ಕೆ ಬೇಕಾದದ್ದು ಚಕ್ಕುಬಂದಿ, ಅಳತೆ, ಸಾಕ್ಷಿಗಳೇ ಹೊರತು ಕಣ್ಣೀರಲ್ಲ. ಇಂಥ ಮಾತನ್ನು ಬರೆದವನನ್ನು ಗ್ರಂಥದ ಸಮಾಪ್ತಿವಾಕ್ಯವು ಪರಮಹಂಸ ಪರಿವ್ರಾಜಕನೆಂದು, ಅಂದರೆ ಮನೆ ತೊರೆದ ಸಂನ್ಯಾಸಿಯೆಂದು, ಕರೆಯುತ್ತದೆ. ಮನೆ ಬಿಟ್ಟವನು ಮನೆ ಹಂಚುವ ನಿಯಮ ಬರೆದದ್ದು ವಿಚಿತ್ರವೆನಿಸಬಹುದು. ಆದರೆ ಪಾಲಿನ ದಿನ ಪಂಚರಾಗಿ ಕೂರುವವರಿಗೆ ಆ ಮನೆಯಲ್ಲಿ ಪಾಲಿರಬಾರದು ಎಂಬ ಹಳ್ಳಿಯ ತಿಳಿವಳಿಕೆಯೂ ಬೇರೆಯದೇನಲ್ಲ.

ಎರಡನೆಯ ಪ್ರಶ್ನೆಗೆ ಭಗವದ್ಗೀತೆಯ ಹದಿಮೂರನೆಯ ಅಧ್ಯಾಯದ ಎರಡು ಪದಗಳು ಸಾಕಾಗುತ್ತವೆ. ಜ್ಞಾನದ ಲಕ್ಷಣಗಳನ್ನು ಎಣಿಸುವಲ್ಲಿ ಗೀತೆಯು ಮಕ್ಕಳು, ಮಡದಿ, ಮನೆ ಮೊದಲಾದವುಗಳ ವಿಷಯದಲ್ಲಿ ಸಕ್ತಿ ಇಲ್ಲದಿರುವುದನ್ನೂ ಅಭಿಷ್ವಂಗ ಇಲ್ಲದಿರುವುದನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಶಂಕರರ ಭಾಷ್ಯದ ಪ್ರಕಾರ ಸಕ್ತಿಯೆಂದರೆ ವಿಷಯದ ಮೇಲಿನ ಬರಿಯ ಪ್ರೀತಿ. ಅಭಿಷ್ವಂಗವಾದರೋ ಆ ಸಕ್ತಿಯ ಒಂದು ವಿಶೇಷ ರೂಪ, ಅದು ಸುಖಪಟ್ಟರೆ ನಾನೇ ಸುಖಿ, ಅದು ಅಳಿದರೆ ನಾನೇ ಅಳಿದೆ ಎಂದು ಇನ್ನೊಂದನ್ನೇ ತಾನೆಂದು ಬಗೆಯುವ ಭಾವ. ಮನೆಯನ್ನು ಮಕ್ಕಳ ಜೊತೆಗೆ ಒಂದೇ ಉಸಿರಿನಲ್ಲಿ ಎಣಿಸಿರುವುದು ಗಮನಾರ್ಹ. ಮನೆಯ ಮೇಲೆ ಪ್ರೀತಿಯಿರುವವನು ಅದನ್ನು ದುರಸ್ತಿ ಮಾಡಿಸುತ್ತಾನೆ, ಇಲ್ಲವೇ ನೋಡಿಕೊಳ್ಳುವವರ ಕೈಗೆ ಒಪ್ಪಿಸುತ್ತಾನೆ. ಅಭಿಷ್ವಂಗಕ್ಕೆ ಸಿಕ್ಕವನು ಎರಡನ್ನೂ ಮಾಡಲಾರ.

ಮಲೆನಾಡಿನ ಎಷ್ಟೋ ಊರುಗಳಲ್ಲಿ ಬೀಗ ಹಾಕಿದ ತೊಟ್ಟಿಮನೆಗಳು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ಅಣ್ಣತಮ್ಮಂದಿರಲ್ಲಿ ಒಬ್ಬನು ಬೆಂಗಳೂರಿನಲ್ಲಿ, ಇನ್ನೊಬ್ಬನು ಹೊರದೇಶದಲ್ಲಿ ನೆಲೆಸಿರುತ್ತಾನೆ. ಮಾರುವ ಮಾತೆತ್ತಿದರೆ ಅಪ್ಪ ಕಟ್ಟಿಸಿದ ಮನೆಯೆನ್ನುತ್ತಾರೆ, ಹಂಚು ಹೊದಿಸುವ ಮಾತೆತ್ತಿದರೆ ಖರ್ಚು ಯಾರದೆನ್ನುತ್ತಾರೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಸರಿದ ಹಂಚಿನ ಸಂದಿಯಿಂದ ನೀರಿಳಿದು ರೀಪು ಕೊಳೆತು, ಗೆದ್ದಲು ಹಿಡಿದ ಕಂಬ ಜಗಲಿಯ ಮೇಲೆ ಒರಗುತ್ತದೆ. ಕೆಲವೆಡೆ ಪಾಲೇನೋ ಆಗಿರುತ್ತದೆ, ಆದರೆ ತೊಟ್ಟಿಯ ನಡುವೆಯೇ ಇಟ್ಟಿಗೆಯ ಗೋಡೆ ಎದ್ದು, ದೇವರ ಕೋಣೆ ಒಬ್ಬರಿಗೂ ಬಚ್ಚಲು ಮತ್ತು ಬಾವಿ ಇನ್ನೊಬ್ಬರಿಗೂ ಬಂದು, ಹರಿದುಹೋಗಲು ದಾರಿಯಿಲ್ಲದ ಮಳೆನೀರು ಗೋಡೆಯ ಬುಡದಲ್ಲೇ ನಿಲ್ಲುತ್ತದೆ. ಒಲೆ ಬೇರೆಯಾಗಿದೆ, ಮನಸ್ಸು ಬೇರೆಯಾಗಿಲ್ಲ ಎಂದು ಇದನ್ನು ಹೊಗಳುವುದುಂಟು. ನಿಜವಾಗಿ ಇಲ್ಲಿ ಆಗಬೇಕಿದ್ದದ್ದು ಲೌಕಿಕವಾದ ಸ್ವತ್ವದ ನಿರ್ಣಯ, ಅದರ ಜಾಗದಲ್ಲಿ ಕೂತದ್ದು ಅಭಿಷ್ವಂಗ. ಮಿತಾಕ್ಷರೆಯು ಸ್ಥಾವರವನ್ನು, ಅಂದರೆ ನೆಲ ಮನೆಯಂಥ ಅಚಲ ಆಸ್ತಿಯನ್ನು, ಎಲ್ಲರ ಒಪ್ಪಿಗೆಯಿಲ್ಲದೆ ಮಾರಬಾರದೆಂದು ಕಟ್ಟುನಿಟ್ಟು ಮಾಡಿಯೂ, ಆಪತ್ತಿನಲ್ಲಿ, ಕುಟುಂಬದ ಪೋಷಣೆಗಾಗಿ ಮತ್ತು ಧರ್ಮಕಾರ್ಯಕ್ಕಾಗಿ ಒಬ್ಬನೇ ಅದನ್ನು ಅಡವಿಡಬಹುದು, ಮಾರಲೂಬಹುದು ಎಂದು ಬಾಗಿಲು ತೆರೆದಿಟ್ಟಿದೆ. ಶಾಸ್ತ್ರಕಾರನ ದೃಷ್ಟಿಯಲ್ಲಿ ಮನೆ ಇರುವುದು ಕುಟುಂಬಕ್ಕಾಗಿ. ಅಭಿಷ್ವಂಗದ ದೃಷ್ಟಿಯಲ್ಲಿ ಕುಟುಂಬ ಇರುವುದೇ ಮನೆಗಾಗಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ತೊಡಕು ಇನ್ನೂ ಸೂಕ್ಷ್ಮವಾದದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೆಯ ಕಲಮಿನ ಪ್ರಕಾರ ಗಂಡು ವಾರಸುದಾರರು ತಾವಾಗಿ ಪಾಲಿಗೆ ಮುಂದಾಗುವವರೆಗೆ ಕುಟುಂಬವು ವಾಸವಿರುವ ಮನೆಯಲ್ಲಿ ಪಾಲು ಕೇಳುವ ಅಧಿಕಾರ ಹೆಣ್ಣಿಗಿರಲಿಲ್ಲ. 2005ರ ತಿದ್ದುಪಡಿ ಆ ಕಲಮನ್ನೇ ಕಿತ್ತುಹಾಕಿ, ಮಿತಾಕ್ಷರೆಯು ಮಗನಿಗೆ ಮಾತ್ರ ಒಪ್ಪಿದ್ದ ಜನ್ಮಸಿದ್ಧ ಹಕ್ಕನ್ನು ಮಗಳಿಗೂ ವಿಸ್ತರಿಸಿತು. ಹಾಗಿದ್ದೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅಣ್ಣನ ಪಕ್ಕ ನಿಂತು, ಅರಿಸಿನ ಕುಂಕುಮದ ಲೆಕ್ಕದಲ್ಲಿ ಸೀರೆಯೊಂದನ್ನೋ ಒಂದಿಷ್ಟು ಹಣವನ್ನೋ ಪಡೆದು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ತಂಗಿ ಅಪರೂಪದವಳಲ್ಲ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಳುಕು ಅವಳದು, ಅದನ್ನು ತ್ಯಾಗವೆಂದು ಕೊಂಡಾಡುವ ಬಾಯಿ ಊರಿನದು. ಗೀತೆಯ ಹದಿನೆಂಟನೆಯ ಅಧ್ಯಾಯವು ಮೋಹದಿಂದ ಬಿಡುವುದನ್ನು ತಾಮಸವೆಂದೂ ದೇಹಕ್ಕೆ ಕಷ್ಟವಾದೀತೆಂಬ ಭಯದಿಂದ ಬಿಡುವುದನ್ನು ರಾಜಸವೆಂದೂ ವಿಂಗಡಿಸಿ, ಹೆದರಿ ಬಿಟ್ಟವನಿಗೆ ತ್ಯಾಗದ ಫಲವಿಲ್ಲವೆಂದು ಹೇಳಿಬಿಡುತ್ತದೆ. ಅಲ್ಲಿನ ಪ್ರಸಂಗ ಕರ್ಮತ್ಯಾಗದ್ದೇ ಹೊರತು ಆಸ್ತಿಯದಲ್ಲ ಎಂಬುದು ನಿಜ. ಆದರೆ ಬಿಡುವ ಕ್ರಿಯೆಯ ಬೆಲೆಯು ಬಿಟ್ಟ ವಸ್ತುವಿನಲ್ಲಿಲ್ಲ, ಬಿಡುವ ಮನಸ್ಸಿನಲ್ಲಿದೆ ಎಂಬ ಆ ತತ್ವ ಇಲ್ಲಿಗೂ ಸಲ್ಲುತ್ತದೆ. ತನ್ನ ಸ್ವತ್ವವನ್ನು ಸರಿಯಾಗಿ ಅರಿತು, ಬೇಕೆಂದರೆ ಪಡೆಯಬಲ್ಲವಳಾಗಿ, ಆಮೇಲೆ ಬಿಟ್ಟುಕೊಟ್ಟವಳಷ್ಟೇ ತ್ಯಾಗ ಮಾಡಿದವಳು.

ವಾಸ್ತುವಿನ ಮಾತು ಇಲ್ಲಿ ಬಾರದಿರದು, ಆದರೆ ಅದಕ್ಕೆ ಹೆಚ್ಚು ಜಾಗ ಬೇಡ. ಮನೆಯ ಅಳತೆಯನ್ನು ಎಂಟರಿಂದ ಭಾಗಿಸಿ ಉಳಿದ ಶೇಷದಿಂದ ಧ್ವಜಾಯ, ಗಜಾಯ, ಕಾಕಾಯ ಎಂದು ಫಲ ಹೇಳುವ ಆಯದ ಲೆಕ್ಕವು ಕಟ್ಟುವವನ ಕೈಗೆ ಒಂದು ನಿಶ್ಚಿತ ಅಳತೆಯನ್ನು ಕೊಟ್ಟು ಕೆಲಸ ಶುರುಮಾಡಿಸಲು ಒದಗುತ್ತಿತ್ತು. ಕಟ್ಟಿದ ಮನೆಯ ಬಾಗಿಲನ್ನು ಮೂರು ಸಲ ಕಿತ್ತು ನಿಲ್ಲಿಸುವವನು ಅದೇ ಲೆಕ್ಕವನ್ನು ತೀರ್ಮಾನ ಮುಂದೂಡಲು ಬಳಸುತ್ತಿದ್ದಾನೆ.

ವಿಜ್ಞಾನೇಶ್ವರನಿಗಿಂತ ಕೆಲವು ದಶಕಗಳ ಈಚೆಗೆ ಅದೇ ಕಲ್ಯಾಣದಲ್ಲಿ ಶರಣರು ಸ್ಥಾವರವೆಂಬ ಪದವನ್ನೇ ಎತ್ತಿಕೊಂಡು, ನಿಂತದ್ದು ಅಳಿಯುತ್ತದೆ, ಚಲಿಸುವ ಜಂಗಮಕ್ಕೆ ಅಳಿವಿಲ್ಲ ಎಂದು ಅದನ್ನು ತಿರುಗಿಸಿ ನಿಲ್ಲಿಸಿದರು. ಅವರಲ್ಲಿ ಬಹುಮಂದಿ ಮನೆ ಬಿಟ್ಟವರಲ್ಲ, ಕಾಯಕ ಮಾಡಿಕೊಂಡು ಸಂಸಾರದೊಳಗೇ ಇದ್ದವರು ಎಂಬುದನ್ನು ಮರೆಯಬಾರದು. ಮನೆ ಬೇಕೆ ಬೇಡವೆ ಎಂಬುದಲ್ಲ ಅವರ ಪ್ರಶ್ನೆ. ಮನೆಯೊಳಗಿದ್ದೂ ನಿಂತ ನೀರಾಗದಿರುವುದು ಹೇಗೆ ಎಂಬುದು.

ಮನೆ ಬಿಡುವ ಪ್ರಸಂಗಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಬೃಹದಾರಣ್ಯಕೋಪನಿಷತ್ತಿನದು. ಹೊರಟುನಿಂತ ಯಾಜ್ಞವಲ್ಕ್ಯನು ಮೈತ್ರೇಯಿ ಮತ್ತು ಕಾತ್ಯಾಯನಿಯರ ನಡುವೆ ಪಾಲು ಮಾಡಿ ಹೋಗುತ್ತೇನೆಂದಾಗ, ಮೈತ್ರೇಯಿಯು ಹಣದಿಂದ ಅಮೃತತ್ವ ಸಿಕ್ಕೀತೇ ಎಂದು ಕೇಳಿ ಉಪದೇಶ ಪಡೆಯುತ್ತಾಳೆ, ಶತಮಾನಗಳ ವ್ಯಾಖ್ಯಾನವೆಲ್ಲ ಅವಳ ಹಿಂದೆ ಹೋಗುತ್ತದೆ. ಕಾತ್ಯಾಯನಿಯನ್ನು ಸ್ತ್ರೀಪ್ರಜ್ಞೆಯವಳೆಂದು ಉಪನಿಷತ್ತು ಒಂದೇ ಪದದಲ್ಲಿ ಪಕ್ಕಕ್ಕಿರಿಸುತ್ತದೆ. ಮನೆಗೆ ಏನು ಬೇಕೆಂದು ಅರಸುವ ಪ್ರಜ್ಞೆ ಎಂದು ಶಂಕರರು ಅದನ್ನು ವಿವರಿಸುತ್ತಾರೆ. ಗಂಡ ಹೊರಟುಹೋದ ಮೇಲೆ, ಯಾವ ಕೋಣೆಗೆ ಬೀಗ ಹಾಕಬೇಕು, ಯಾವ ಹಸುವನ್ನು ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸುವ ಹೊಣೆ ಬಿದ್ದದ್ದು ಆ ಪ್ರಜ್ಞೆಯ ಮೇಲೆಯೇ ಇರಬೇಕು. ಅವಳ ಒಂದು ಮಾತನ್ನೂ ಆ ಗ್ರಂಥ ಉಳಿಸಿಕೊಂಡಿಲ್ಲ.